ಹೀಟರ್ ಕಾಯಿಲ್ ಲೀಕ್: ಡ್ಯಾಶ್‌ಬೋರ್ಡ್ ಬಿಚ್ಚಲೇಬೇಕಾ? (2004ರ ಗಾಡಿ)

ತೋಟದಮನೆ
ಎಲ್ಲರಿಗೂ ನಮಸ್ಕಾರ. ಮೂಡಿಗೆರೆ ಹತ್ತಿರ ನಮ್ಮ ಮನೆ. ಗಾಡಿ 2004ರ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಯಾವ ಕಂಪನಿದು ಅಂತ ಬೇಕಂತಲೇ ಹೇಳ್ತಾ ಇಲ್ಲ, ಹೇಳಿದರೆ ನನ್ನ ಪ್ರಶ್ನೆ ಬಿಟ್ಟು ಕಂಪನಿ ಜಗಳ ಶುರುವಾಗುತ್ತೆ. ಅಪ್ಪ ತೆಗೆದುಕೊಂಡಿದ್ದು, 1,38,000 ಕಿ.ಮೀ. ಆಗಿದೆ, ಮಾರೋ ಮಾತಿಲ್ಲ. "ಹೊಸದು ತಗೊಳ್ಳಿ" ಅನ್ನೋ ಉತ್ತರ ದಯವಿಟ್ಟು ಬೇಡ.

ಮಳೆ ಹಿಡಿದಾಗಿನಿಂದ ಮುಂದಿನ ಗಾಜು ಒಳಗಡೆಯಿಂದ ಮಂಜು ಕಟ್ಟುತ್ತಿದೆ. ಮಳೆಗಾಲದಲ್ಲಿ ಅದು ಇದ್ದದ್ದೇ, ಆದರೆ ಇದು ಬೇರೆ ಥರ. ಬಟ್ಟೆಯಲ್ಲಿ ಒರೆಸಿದರೆ ಹೋಗಲ್ಲ, ಎಣ್ಣೆ ಕೈ ಆಡಿಸಿದ ಹಾಗೆ ಬಳಿದುಕೊಳ್ಳುತ್ತೆ. ಬ್ಲೋವರ್ ಹಾಕಿದ ತಕ್ಷಣ ಬೆಲ್ಲದ ಪಾಕ ತಳ ಹಿಡಿದಂಥ ವಾಸನೆ. ಎಡಗಡೆ ಕಾಲಿಡುವ ಜಾಗದ ಮ್ಯಾಟ್ ಯಾವಾಗಲೂ ಒದ್ದೆ. ಇಂಜಿನ್ ಬಿಸಿಯಾಗದ ಹಾಗೆ ನೋಡಿಕೊಳ್ಳುವ ಕೂಲೆಂಟ್ ಡಬ್ಬಿಯಲ್ಲಿ ವಾರಕ್ಕೆ ಒಂದಿಂಚು ಇಳಿಯುತ್ತೆ, ಗಾಡಿ ಕೆಳಗೆ ನೋಡಿದರೆ ಒಂದು ಹನಿ ಇಲ್ಲ.

ಹೋದ ಭಾನುವಾರ ಅಮ್ಮನನ್ನು ಕೂರಿಸಿಕೊಂಡು ಚಾರ್ಮಾಡಿ ಘಾಟಿ ಇಳಿದು ಧರ್ಮಸ್ಥಳಕ್ಕೆ ಹೊರಟೆ. ಕೊಟ್ಟಿಗೆಹಾರ ದಾಟಿದ ಮೇಲೆ ಎದುರಿನದು ಏನೂ ಕಾಣಲಿಲ್ಲ. ನಾನು ಕಿಟಕಿಯಿಂದ ತಲೆ ಹೊರಗೆ ಹಾಕಿಕೊಂಡು ಓಡಿಸುವುದು, ಅಮ್ಮ ಸೆರಗಿನಲ್ಲಿ ಗಾಜು ಒರೆಸುವುದು. ಮೂರನೇ ತಿರುವಿಗೆ ಸಾಕಾಯಿತು, ವಾಪಸ್ ಬಂದೆವು.

ಒಂದು ಗ್ಯಾರೇಜಿನವರು ಹೀಟರ್ ಕಾಯಿಲ್ (ಬಿಸಿ ಕೂಲೆಂಟ್ ಹರಿದು ಒಳಗಿನ ಗಾಳಿ ಬಿಸಿ ಮಾಡುವ ಭಾಗ) ಹೋಗಿದೆ, ಡ್ಯಾಶ್‌ಬೋರ್ಡ್ ಪೂರ್ತಿ ಇಳಿಸಬೇಕು, ಮೂರು ದಿನ, 14,000 ಅಂದರು. ಇನ್ನೊಬ್ಬರು ಹೀಟರ್ ಪೈಪ್ ಎರಡನ್ನೂ ಕತ್ತರಿಸಿ ಒಂದಕ್ಕೊಂದು ಸೇರಿಸಿಬಿಡ್ತೀನಿ, 300 ಕೊಡಿ, ನಮ್ಮ ಕಡೆ ಹೀಟರ್ ಯಾರಿಗೆ ಬೇಕು ಅಂದರು. ಯಾರ ಮಾತು ಕೇಳಲಿ? ಯಾರಾದರೂ ಮನೆಯಲ್ಲೇ ಬಿಚ್ಚಿದ್ದೀರಾ?

ಸಿಗ್ನಲ್‌ನಲ್ಲಿದ್ದೀನಿ
300 ಕೊಟ್ಟು ಕೈತೊಳ್ಕೊಳ್ಳಿ ಗುರು. ನಾನು ಬೆಂಗಳೂರಲ್ಲಿ ಐದು ವರ್ಷದಿಂದ ಹಾಗೇ ಪೈಪ್ ಸೇರಿಸಿ ಬೈಪಾಸ್ ಮಾಡಿಸಿಕೊಂಡೇ ಓಡಿಸ್ತಿದ್ದೀನಿ. ಹೀಟರ್ ಬೇಕು ಅಂತ ಒಂದು ದಿನವೂ ಅನಿಸಿಲ್ಲ.

ಘಾಟಿಸವಾರ
ಸಿಗ್ನಲ್ ಅಣ್ಣ, ನೀವು ಓಡಿಸುವುದು ಸಿಲ್ಕ್ ಬೋರ್ಡಿನಲ್ಲಿ, ಅವರು ಓಡಿಸುವುದು ಚಾರ್ಮಾಡಿಯಲ್ಲಿ ಮಾರಾಯ್ರೆ. ಹೀಟರ್ ಇರುವುದು ಕೈಕಾಲು ಬೆಚ್ಚಗೆ ಮಾಡಲಿಕ್ಕೆ ಮಾತ್ರ ಅಂದುಕೊಂಡಿರಾ? ಗಾಜಿನ ಮಂಜು ಬೇಗ ಬಿಡಬೇಕಾದರೆ ಎಸಿಯೂ ಹಾಕಬೇಕು, ಹೀಟರೂ ಹಾಕಬೇಕು, ಎರಡೂ ಒಟ್ಟಿಗೆ. ಎಸಿ ಗಾಳಿಯ ನೀರು ತೆಗೆಯುತ್ತದೆ, ಹೀಟರ್ ಅದೇ ಒಣಗಾಳಿಯನ್ನು ಬಿಸಿ ಮಾಡಿ ಗಾಜಿಗೆ ಬಿಡುತ್ತದೆ. ಬರೀ ಎಸಿ ಹಾಕಿದರೆ ಗಾಜು ತಣ್ಣಗಾಗಿ ಹೊರಗಡೆಯಿಂದ ಮಂಜು ಕಟ್ಟುತ್ತದೆ, ವೈಪರ್ ಹಾಕುತ್ತಾ ಕೂರಬೇಕು. ನಾನು ಉಜಿರೆಯವನು, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನನಗೆ ಬ್ರೇಕ್ ಎಷ್ಟು ಮುಖ್ಯವೋ ಹೀಟರೂ ಅಷ್ಟೇ ಮುಖ್ಯ.

ಸಿಗ್ನಲ್‌ನಲ್ಲಿದ್ದೀನಿ
ಬ್ರೇಕಿನಷ್ಟು ಮುಖ್ಯ ಅಂತೆ 😂 ಆಯ್ತು ಬಿಡಿ.

ಹತ್ತನಂಬರ್
ಇಬ್ಬರೂ ಸ್ವಲ್ಪ ನಿಲ್ಲಿ. ಮೊದಲು ಅದು ಹೀಟರ್ ಕಾಯಿಲ್ಲೇನಾ ಅಂತ ಗೊತ್ತಾಗಲಿ. ಹಾಸನದಲ್ಲಿ 22 ವರ್ಷ ಗ್ಯಾರೇಜ್ ನಡೆಸಿ ಈಗ ಮಗನಿಗೆ ಬಿಟ್ಟುಕೊಟ್ಟಿದ್ದೀನಿ. ಮ್ಯಾಟ್ ಒದ್ದೆ ಅಂತ ಡ್ಯಾಶ್‌ಬೋರ್ಡ್ ಬಿಚ್ಚಿ, ಒಳಗೆ ಕಾಯಿಲ್ ಹೊಸದರ ಹಾಗೆ ಕೂತಿರುವುದನ್ನು ನೋಡಿ ತಲೆ ಚಚ್ಚಿಕೊಂಡವರನ್ನು ಕಂಡಿದ್ದೀನಿ. ಅದರಲ್ಲಿ ನಾನೂ ಒಬ್ಬ.

ಎಡಗಡೆ ಮ್ಯಾಟ್ ಒದ್ದೆಯಾಗುವುದಕ್ಕೆ ಮೂರು ಕಾರಣ ಇರುತ್ತೆ. ಎಸಿ ನೀರು ಹೊರಹೋಗುವ ಪೈಪ್ ಕಟ್ಟಿರಬಹುದು. ಗಾಜಿನ ಬುಡದಲ್ಲಿ ಮಳೆನೀರು ಇಳಿಯುತ್ತಿರಬಹುದು. ಇಲ್ಲಾಂದ್ರೆ ಹೀಟರ್ ಕಾಯಿಲ್. ಮ್ಯಾಟ್ ಎತ್ತಿ, ಕೆಳಗಿನ ಕಾರ್ಪೆಟ್‌ಗೆ ಬಿಳಿ ಟಿಶ್ಯೂ ಒತ್ತಿ ನೋಡಿ. ಬಣ್ಣ ಹತ್ತಿದರೆ, ಬೆರಳಲ್ಲಿ ಉಜ್ಜಿದಾಗ ಜಾರಿದರೆ ಅದು ಕೂಲೆಂಟ್. ಬಣ್ಣ ಇಲ್ಲ, ವಾಸನೆ ಇಲ್ಲ ಅಂದರೆ ಬರೀ ನೀರು. ನಾಲಿಗೆಗೆ ಇಟ್ಟು ನೋಡಬೇಡಿ. ಹಾಗೆ ನೋಡುವ ಮಹಾಶಯರೂ ಇದ್ದಾರೆ, ಅದಕ್ಕೇ ಹೇಳಿದೆ. ಎಥಿಲೀನ್ ಗ್ಲೈಕಾಲ್ ಅದು, ಸಿಹಿ ವಿಷ.

ಆಮೇಲೆ ಇಂಜಿನ್ ತಣ್ಣಗಿದ್ದಾಗ ರೇಡಿಯೇಟರ್‌ಗೆ ಪ್ರೆಶರ್ ಟೆಸ್ಟರ್ ಹಾಕಿಸಿ. ಮುಚ್ಚಳದ ಮೇಲೆ 0.9 ಅಂತ ಬರೆದಿದ್ದರೆ ಅಷ್ಟೇ ಬಾರ್, ಅಂದಾಜು 13 ಪಿಎಸ್ಐ, ಪಂಪ್ ಮಾಡಿ ಕಾಲು ಗಂಟೆ ಬಿಡಬೇಕು. ಮುಳ್ಳು ಇಳಿಯಿತು, ಬಾನೆಟ್ ಕೆಳಗೆ ಎಲ್ಲೂ ಒದ್ದೆ ಇಲ್ಲ, ಮ್ಯಾಟ್ ಮಾತ್ರ ಒದ್ದೆಯಾಯಿತು ಅಂದರೆ ಆಮೇಲೆ ಸ್ಪ್ಯಾನರ್ ಹಿಡಿಯಿರಿ. ಇಂಜಿನ್ ಒಳಗಿನ ಸೀಲ್, ಅಂದರೆ ಹೆಡ್ ಗ್ಯಾಸ್ಕೆಟ್, ಹೋದರೂ ಕೂಲೆಂಟ್ ಇಳಿಯುತ್ತೆ, ಕೆಲವು ಸಲ ಆಯಿಲಿಗೆ ಸೇರುತ್ತೆ, ಅದನ್ನೂ ಮರೆಯಬೇಡಿ. ಆಯಿಲ್ ಮುಚ್ಚಳದಲ್ಲಿ ಹಾಲಿನ ಕೆನೆ ಥರ ಏನಾದರೂ ಇದೆಯಾ?

ಮಳೆಬೆಕ್ಕು
ನೂರಕ್ಕೆ ನೂರು ಮಳೆನೀರು. ನನ್ನ ಗಾಡಿಯಲ್ಲೂ ಹೀಗೇ ಆಗಿತ್ತು, ಗಾಜಿನ ರಬ್ಬರ್ ಬದಲಾಯಿಸಿದೆ, ಮುಗೀತು.

ಘಾಟಿಸವಾರ
ಮಳೆನೀರಿಗೆ ಬೆಲ್ಲದ ವಾಸನೆ ಬರುವ ಊರು ಯಾವುದು ಮಾರಾಯ್ರೆ, ನಾವೂ ಬರುತ್ತೇವೆ.

ತೋಟದಮನೆ
ಹತ್ತನಂಬರ್ ಸರ್, ತುಂಬ ಥ್ಯಾಂಕ್ಸ್. ಆಯಿಲ್ ಮುಚ್ಚಳ ಚೆನ್ನಾಗೇ ಇದೆ, ಕೆನೆ ಇಲ್ಲ. ಟಿಶ್ಯೂ ಒತ್ತಿದೆ. ವಿಚಿತ್ರ ಏನಂದ್ರೆ ಮಧ್ಯದ ಕಡೆ, ಗೇರ್ ಹತ್ತಿರ, ತಿಳಿ ಹಸಿರು ಬಣ್ಣ ಹತ್ತಿತು, ಜಾರುತ್ತೆ. ಬಾಗಿಲ ಕಡೆ ಬರೀ ನೀರು. ಒಂದೇ ಕಾರ್ಪೆಟ್, ಎರಡು ಥರ ಒದ್ದೆ!

ಮಳೆಬೆಕ್ಕು
ನಾನು ಹೇಳಲಿಲ್ವಾ.

ಹುಬ್ಬಳ್ಳಿಹುಡುಗ
ಅಲ್ರೀ, ಇಷ್ಟಕ್ಕೆಲ್ಲ ಡ್ಯಾಶ್‌ಬೋರ್ಡ್ ಯಾಕ್ರೀ ಬಿಚ್ಚೋದು? ರೇಡಿಯೇಟರ್ ಒಳಗ ಒಂದು ಮುಷ್ಟಿ ಅರಿಶಿನ ಪುಡಿ ಹಾಕ್ರಿ. ನಮ್ಮ ದೊಡ್ಡಪ್ಪ ಲಾರಿ ಹೊಡೀತಿದ್ರು, ಅವರು ಹಂಗೇ ಮಾಡ್ತಿದ್ರು. ಇಲ್ಲಾಂದ್ರ ಅಂಗಡ್ಯಾಗ ಲೀಕ್ ನಿಲ್ಲಿಸೋ ಪುಡಿನೇ ಸಿಗ್ತದ.

ಹತ್ತನಂಬರ್
ಅರಿಶಿನ ಹಾಕಿ ಊರು ಮುಟ್ಟಿಸಿದವರು ನಿಜಕ್ಕೂ ಇದ್ದಾರೆ, ಸುಳ್ಳಲ್ಲ. ನಡುದಾರಿಯಲ್ಲಿ ಗಾಡಿ ನಿಂತಾಗ ಮಾಡುವ ಉಪಾಯ ಅದು. ಆದರೆ ಆ ಪುಡಿಗೆ ಲೀಕ್ ಯಾವುದು, ದಾರಿ ಯಾವುದು ಅಂತ ಗೊತ್ತಾಗಲ್ಲ. ಎಲ್ಲಿ ಸಣ್ಣ ಸಂದು ಇದೆಯೋ ಅಲ್ಲಿ ಹೋಗಿ ಕೂರುತ್ತೆ. ಇಡೀ ಗಾಡಿಯಲ್ಲಿ ಅತಿ ಸಣ್ಣ ಕೊಳವೆ ಇರುವುದೇ ಹೀಟರ್ ಕಾಯಿಲಿನಲ್ಲಿ. ಲೀಕ್ ನಿಲ್ಲದೇ ಇದ್ದರೂ ಹೀಟರ್ ಬಿಸಿಯಾಗುವುದು ನಿಲ್ಲುತ್ತೆ. ಆಮೇಲೆ ರೇಡಿಯೇಟರ್ ಸರದಿ.

ಚಳಿಊರು
ಶಿಕಾಗೋದಿಂದ ಬರೀತಿದ್ದೀನಿ, ಮೂಲ ಶಿವಮೊಗ್ಗ. ಇಲ್ಲಿ ಜನವರಿಯಲ್ಲಿ ಮೈನಸ್ 20 ಆಗುವ ರಾತ್ರಿಗಳಿರುತ್ತವೆ. ಬೈಪಾಸ್ ಅಂದರೆ ಇಲ್ಲಿ ಜನ ನಗ್ತಾರೆ. ನನ್ನ 1999ರ ಗಾಡಿಗೆ ನಾನೇ ಹೀಟರ್ ಕಾಯಿಲ್ ಹಾಕಿದೆ, ಮೆಕ್ಯಾನಿಕ್ ಕೂಲಿ ಕೇಳಿದರೆ ಗಾಡಿ ಬೆಲೆಗಿಂತ ಜಾಸ್ತಿ ಆಗ್ತಿತ್ತು. ಎರಡು ಶನಿವಾರ ಹಿಡಿಯಿತು.

ನಾನು ಮಾಡಿದ ತಪ್ಪು ಹೇಳ್ತೀನಿ ಕೇಳಿ. ಇಂಜಿನ್ ಕಡೆಯಿಂದ ಗೋಡೆ ತೂರಿ ಒಳಗೆ ಹೋಗುವ ಎರಡು ರಬ್ಬರ್ ಪೈಪ್ ಇರುತ್ತವಲ್ಲ, ಹಳೇ ಗಾಡಿಯಲ್ಲಿ ಅವು ಕಾಯಿಲಿನ ಮೂತಿಗೆ ಅಂಟಿಕೊಂಡಿರುತ್ತವೆ. ನಾನು ಸಿಟ್ಟಲ್ಲಿ ಎಳೆದೆ. ಪೈಪ್ ಬರಲಿಲ್ಲ, ಮೂತಿಯೇ ಬಗ್ಗಿತು. ಕಾಯಿಲ್ ಹೇಗೂ ಎಸೆಯುವುದೇ ಆಗಿತ್ತು, ಬಚಾವಾದೆ. ಇಲ್ಲಾಂದ್ರೆ ಒಂದು ಪ್ರೆಶರ್ ಟೆಸ್ಟ್‌ಗೆ ಅಂತ ಬಿಚ್ಚಲು ಹೋಗಿ ಚೆನ್ನಾಗಿರುವ ಕಾಯಿಲನ್ನೇ ಮುರಿದ ಹಾಗೆ ಆಗ್ತಿತ್ತು. ಹಿಡಿದು ಎಳೆಯಬೇಡಿ, ಬ್ಲೇಡಲ್ಲಿ ಪೈಪನ್ನು ಉದ್ದಕ್ಕೆ ಸೀಳಿ ಸುಲಿದುಬಿಡಿ. ಪೈಪ್ ಹೊಸದು ಹಾಕಬಹುದು.

ಇನ್ನೊಂದು. ಕಾಯಿಲಿನ ಸುತ್ತ ಸ್ಪಂಜಿನ ಪಟ್ಟಿ ಇರುತ್ತೆ, ಹೊಸ ಕಾಯಿಲ್ ಜೊತೆ ಅದು ಬರದೇ ಇರಬಹುದು. ಅದಿಲ್ಲದೆ ಕೂರಿಸಿದರೆ ಗಾಳಿ ಕಾಯಿಲಿನ ಒಳಗೆ ಹೋಗದೆ ಪಕ್ಕದ ಸಂದಿಯಲ್ಲಿ ನುಸುಳುತ್ತೆ. ಅಷ್ಟೆಲ್ಲ ಕೆಲಸ ಮಾಡಿ ಬೆಚ್ಚಗಿನ ಗಾಳಿ ಕೂಡ ಬರಲ್ಲ.

ಏರ್‌ಬ್ಯಾಗ್‌ಅಕ್ಕ
ಡ್ಯಾಶ್‌ಬೋರ್ಡ್ ಬಿಚ್ಚುವ ಮಾತು ಬಂತು, ಇಷ್ಟು ಹೊತ್ತಾದರೂ ಏರ್‌ಬ್ಯಾಗ್ ಬಗ್ಗೆ ಒಬ್ಬರೂ ಹೇಳಲಿಲ್ಲ. ಏರ್‌ಬ್ಯಾಗ್ ಇರುವ ಗಾಡಿಯಾದರೆ ಬ್ಯಾಟರಿಯ ನೆಗೆಟಿವ್ ತೆಗೆದು ಹತ್ತು ನಿಮಿಷವಾದರೂ ಸುಮ್ನೆ ಕೂತು ಆಮೇಲೆ ಕೈ ಹಾಕಿ. ಕಪಾಸಿಟರ್‌ನಲ್ಲಿ ಕರೆಂಟ್ ಉಳಿದಿರುತ್ತೆ. ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದು. ಮೀಟರ್ ಹಾಕಿ ಚೆಕ್ ಮಾಡಲು ಹೋಗಬೇಡಿ.

ತೋಟದಮನೆ
ಏರ್‌ಬ್ಯಾಗ್ ಇಲ್ಲ ಅಕ್ಕ, 2004ರದ್ದು, ಪವರ್ ವಿಂಡೋ ಕೂಡ ಮುಂದೆ ಮಾತ್ರ.

ಏರ್‌ಬ್ಯಾಗ್‌ಅಕ್ಕ
ಹಾಗಾದ್ರೆ ಎಸಿ ಗ್ಯಾಸ್ ನೋಡಿ. ಎಷ್ಟೋ ಗಾಡಿಗಳಲ್ಲಿ ಎಸಿಯ ಕೂಲಿಂಗ್ ಕಾಯಿಲ್, ಹೀಟರ್ ಕಾಯಿಲ್ ಎರಡೂ ಒಂದೇ ಪೆಟ್ಟಿಗೆಯಲ್ಲಿರುತ್ತವೆ. ಆ ಪೆಟ್ಟಿಗೆ ಹೊರಗೆ ಬರಬೇಕಾದರೆ ಆರ್-134ಎ ಗ್ಯಾಸ್ ಮೆಷಿನ್‌ಗೆ ಎಳೆಸಬೇಕು, ಆಮೇಲೆ ಮತ್ತೆ ತುಂಬಿಸಬೇಕು. ಪೈಪ್ ಸಡಿಲ ಮಾಡಿ ಗಾಳಿಗೆ ಬಿಡುವವರೂ ಇದ್ದಾರೆ. ಅದು ತಪ್ಪು, ಕೈಗೆ ತಾಗಿದರೆ ಚರ್ಮವೂ ಹೋಗುತ್ತೆ.

ಹತ್ತನಂಬರ್
ಅಕ್ಕ ಹೇಳಿದ್ದು ಸರಿ. ತೋಟದಮನೆ, ಎಡಗಡೆ ಗ್ಲೋವ್ ಬಾಕ್ಸ್ ತೆಗೆದು ಒಂದು ಫೋಟೊ ಹಾಕಿ. ಆ ಕಾಲದ ಕೆಲವು ಗಾಡಿಗಳಲ್ಲಿ ಸಾಲಾಗಿ ಮೂರು ಪೆಟ್ಟಿಗೆ ಇರುತ್ತೆ. ಎಡತುದಿಗೆ ಬ್ಲೋವರ್, ಪಕ್ಕದಲ್ಲಿ ಕೂಲಿಂಗ್ ಕಾಯಿಲ್, ಮಧ್ಯದಲ್ಲಿ ಹೀಟರ್. ಹಾಗಿದ್ದರೆ ಗ್ಯಾಸ್ ಮುಟ್ಟದೆ ಹೀಟರ್ ಪೆಟ್ಟಿಗೆ ಮಾತ್ರ ಇಳಿಸಬಹುದು. ಇನ್ನು ಕೆಲವದರಲ್ಲಿ ಪಕ್ಕದ ಮುಚ್ಚಳ ತೆಗೆದರೆ ಕಾಯಿಲ್ ಡ್ರಾಯರ್ ಥರ ಜಾರಿ ಬರುತ್ತೆ, ಡ್ಯಾಶ್‌ಬೋರ್ಡ್ ತಂಟೆಗೇ ಹೋಗಬೇಕಿಲ್ಲ. ಅಂಥ ಗಾಡಿಗೂ ಡ್ಯಾಶ್‌ಬೋರ್ಡ್ ಕೂಲಿ ತೆಗೆದುಕೊಳ್ಳುವವರಿದ್ದಾರೆ, ಅದು ಬೇರೆ ಮಾತು.

ಹುಬ್ಬಳ್ಳಿಹುಡುಗ
ಗ್ಯಾರೇಜಿನವರನ್ನ ಸುಮ್ನೆ ಬೈಬ್ಯಾಡ್ರಿ. ಡ್ಯಾಶ್‌ಬೋರ್ಡ್ ಇಳಿಸಿ ಕೂರಿಸೋದು ಅಂದ್ರ ಎರಡು ದಿನ ಬೆನ್ನು ಮಡಚಿ ಕೆಲಸ. ಇಪ್ಪತ್ತು ವರ್ಷದ ಪ್ಲಾಸ್ಟಿಕ್, ಒಂದು ಕ್ಲಿಪ್ ಮುರಿದರ ಗಿರಾಕಿ ಮೈಮ್ಯಾಲೆ ಬರ್ತಾನ. 14,000 ಜಾಸ್ತಿ ಅನ್ನಿಸಿದ್ರ ನೀವೇ ಮಾಡ್ರಿ, ಆಮೇಲೆ ಹೇಳ್ರಿ.

ಹತ್ತನಂಬರ್
ಇದು ಒಪ್ಪಿದೆ. ಅರಿಶಿನ ಒಪ್ಪಿಲ್ಲ.

ಸಿಗ್ನಲ್‌ನಲ್ಲಿದ್ದೀನಿ
ಸರಿ, ಪಾರ್ಟ್ ಬರೋವರೆಗಾದರೂ ಬೈಪಾಸ್ ಮಾಡಬಹುದು ಅಲ್ವಾ? ಅಥವಾ ಅದಕ್ಕೂ ಬೈತೀರಾ.

ಹತ್ತನಂಬರ್
ಬೈಯಲ್ಲ, ಅದು ಸರಿಯಾದ ಮಾತೇ. ಆದರೆ ಎರಡು ಪೈಪಿಗೂ ಬೆಣೆ ಹೊಡೆದು ಮುಚ್ಚಬಾರದು. ಒಂದಕ್ಕೊಂದು ಸೇರಿಸಿ ನೀರು ಸುತ್ತುವ ಹಾಗೆ ಇಡಬೇಕು. ಕೆಲವು ಇಂಜಿನ್‌ಗಳಲ್ಲಿ ಥರ್ಮೋಸ್ಟಾಟ್ (ರೇಡಿಯೇಟರ್‌ಗೆ ನೀರು ಬಿಡುವ ಬಾಗಿಲು) ಮುಚ್ಚಿರುವಾಗ ನೀರು ಓಡಾಡುವುದೇ ಹೀಟರ್ ದಾರಿಯಲ್ಲಿ. ಅದನ್ನು ಮುಚ್ಚಿದರೆ ಒಂದು ಕಡೆ ಕುದಿಯುತ್ತೆ, ಮೀಟರ್‌ನಲ್ಲಿ ಗೊತ್ತೇ ಆಗಲ್ಲ. ಹೀಟರ್ ಅಂದರೆ ಇನ್ನೊಂದು ಸಣ್ಣ ರೇಡಿಯೇಟರ್ ಇದ್ದ ಹಾಗೆ. ಘಾಟಿ ಹತ್ತುವಾಗ ಮುಳ್ಳು ಮೇಲೇರಿದರೆ ಎಸಿ ಆಫ್ ಮಾಡಿ, ಹೀಟರ್ ಫುಲ್ ಇಟ್ಟು ಕಿಟಕಿ ಇಳಿಸಿ, ಬೆವರು ಇಳಿದರೂ ಇಂಜಿನ್ ಉಳಿಯುತ್ತೆ. ಬೈಪಾಸ್ ಮಾಡಿಸಿದವರಿಗೆ ಆ ದಾರಿಯೂ ಇಲ್ಲ.

ನೀರ್‌ದೋಸೆ
ಕೊಟ್ಟಿಗೆಹಾರ ಅಂದಾಗಿನಿಂದ ನನಗೆ ಬೇರೆ ಏನೂ ಓದಲು ಆಗ್ತಿಲ್ಲ. ವಾಪಸ್ ಬರುವಾಗ ನೀರು ದೋಸೆ ತಿಂದ್ರಾ ಇಲ್ವಾ?

ತೋಟದಮನೆ
ತಿಂದ್ವಿ. ಅಮ್ಮ ಆರು, ನಾನು ಎಂಟು.

ಘಾಟಿಸವಾರ
ಎಂಟು ಸಾಲದು. ಮಳೆಗೆ ಹನ್ನೆರಡು ಲೆಕ್ಕ.

ಮಳೆಬೆಕ್ಕು
ಅಲ್ಲಿಯ ಚಟ್ನಿಗಿಂತ ನಮ್ಮ ಕಳಸದ ಕಡೆ ಕೋಳಿ ಸಾರಿನ ಜೊತೆ ಚೆನ್ನಾಗಿರುತ್ತೆ.

ಏರ್‌ಬ್ಯಾಗ್‌ಅಕ್ಕ
ಗಾಡಿ ವಿಷಯಕ್ಕೆ ಬನ್ನಿ. ಮನೆಯಲ್ಲಿ ನಾಯಿ, ಬೆಕ್ಕು, ಸಣ್ಣ ಮಕ್ಕಳಿದ್ದಾರಾ? ಕೂಲೆಂಟ್ ಇಳಿಸಿದ ಬಕೆಟ್ ಅಂಗಳದಲ್ಲಿ ತೆರೆದಿಡಬೇಡಿ. ಸಿಹಿ ಅಂತ ನಾಯಿ ನೆಕ್ಕುತ್ತೆ, ಸ್ವಲ್ಪ ಹೋದರೂ ಕಿಡ್ನಿ ಕೆಡುತ್ತೆ. ನಮ್ಮ ಪಕ್ಕದ ಮನೆ ನಾಯಿ ಹೀಗೇ ಹೋಯಿತು, ಮೂರು ದಿನ ನರಳಿತು.

ತೋಟದಮನೆ
ಅಯ್ಯೋ. ನಮ್ಮಲ್ಲಿ ಎರಡು ಇವೆ, ಒಂದಂತೂ ಸಿಕ್ಕಿದ್ದೆಲ್ಲ ನೆಕ್ಕುತ್ತೆ. ಕಟ್ಟಿಹಾಕಿಯೇ ಶುರು ಮಾಡ್ತೀನಿ.

ಗ್ಲೋವ್ ಬಾಕ್ಸ್ ತೆಗೆದು ನೋಡಿದೆ ಸರ್, ನೀವು ಹೇಳಿದ ಹಾಗೇ ಸಾಲಾಗಿ ಮೂರು ಪೆಟ್ಟಿಗೆ. ಪ್ರೆಶರ್ ಟೆಸ್ಟ್ ಚಿಕ್ಕಮಗಳೂರಿನಲ್ಲಿ ಮಾಡಿಸಿದೆ. 0.9ಕ್ಕೆ ಪಂಪ್ ಮಾಡಿದರು, ಹದಿನೈದು ನಿಮಿಷಕ್ಕೆ 0.6. ಹೊರಗೆಲ್ಲ ಒಣ. ಮಧ್ಯದ ಪೆಟ್ಟಿಗೆ ಕೆಳಗೆ ಬೆರಳಿಟ್ಟರೆ ಹಸಿರು. ಕಾಯಿಲ್ ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ಸಿಕ್ಕಿತು, ತಮ್ಮ ಬಸ್ಸಿಗೆ ಹಾಕಿ ಕಳಿಸಿದ, 2,600. ಪೈಪ್, ಕ್ಲ್ಯಾಂಪ್, ಕೂಲೆಂಟ್ ಬೇರೆ. ಈ ಶನಿವಾರ ಬಿಚ್ಚೋದೇ.

ಹತ್ತನಂಬರ್
ಭೇಷ್. ಪ್ರತಿ ಸ್ಕ್ರೂ ತೆಗೆದಾಗಲೂ ಮೊಬೈಲಲ್ಲಿ ಫೋಟೊ ತೆಗೀರಿ. ಸ್ಕ್ರೂಗಳನ್ನು ಒಂದೇ ಡಬ್ಬಿಗೆ ಸುರಿಯಬೇಡಿ, ಉದ್ದದ್ದು ಗಿಡ್ಡದ್ದು ಬೇರೆ ಇರುತ್ತೆ, ಉದ್ದದ್ದನ್ನು ಗಿಡ್ಡ ತೂತಿಗೆ ಹಾಕಿದರೆ ವೈರ್ ಚುಚ್ಚುತ್ತೆ. ಮೂಡಿಗೆರೆ ಬೋರ್‌ವೆಲ್ ನೀರು ಹಾಕಬೇಡಿ, ಬಾವಿ ನೀರೂ ಬೇಡ. ಡಿಸ್ಟಿಲ್ಡ್ ವಾಟರ್, ಕೂಲೆಂಟ್ ಅರ್ಧರ್ಧ. ಹಳೇ ಹಸಿರಿನ ಮೇಲೆ ಹೊಸ ಕೆಂಪು ಸುರಿಯಬೇಡಿ, ಪೂರ್ತಿ ತೊಳೆದು ಒಂದೇ ಜಾತಿ ತುಂಬಿಸಿ.

ಸಿಗ್ನಲ್‌ನಲ್ಲಿದ್ದೀನಿ
ನಿಮ್ಮ ಊರಲ್ಲಿ ಹಿಮವೇ ಬೀಳಲ್ಲ, ಅರ್ಧರ್ಧ ಕೂಲೆಂಟ್ ಯಾಕೆ? ನೀರೇ ಸಾಕಪ್ಪ.

ಚಳಿಊರು
ಕೂಲೆಂಟ್ ಇರುವುದು ಹೆಪ್ಪುಗಟ್ಟದೇ ಇರಲಿ ಅಂತ ಮಾತ್ರ ಅಲ್ಲ. ಸಾವಿರ ಮೀಟರ್ ಎತ್ತರದಲ್ಲಿ ಬರೀ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತೆ. ಅರ್ಧರ್ಧ ಮಿಶ್ರಣಕ್ಕೆ ಸುಮಾರು ಏಳೆಂಟು ಡಿಗ್ರಿ ಜಾಸ್ತಿ ಬೇಕು, ಮುಚ್ಚಳದ ಒತ್ತಡ ಬೇರೆ. ಅದಕ್ಕಿಂತ ಮುಖ್ಯ, ಅದರಲ್ಲಿ ತುಕ್ಕು ತಡೆಯುವ ಮದ್ದು ಇರುತ್ತೆ. ಬರೀ ನೀರಲ್ಲಿ ಓಡಿಸಿದವರ ಹೀಟರ್ ಕಾಯಿಲ್ ಒಳಗಡೆಯಿಂದ ತಿಂದುಹೋಗುತ್ತೆ. ನಿಮ್ಮದು ಐದು ವರ್ಷದ ಹಿಂದೆ ಯಾಕೆ ಹೋಯಿತು ಅಂದುಕೊಂಡಿದ್ದೀರಿ?

ಸಿಗ್ನಲ್‌ನಲ್ಲಿದ್ದೀನಿ
...ಬೋರ್‌ವೆಲ್ ನೀರು ಹಾಕ್ತಿದ್ದೆ.

ತೋಟದಮನೆ
ಮುಗೀತು! ಶನಿವಾರ ಬೆಳಗ್ಗೆ ಏಳಕ್ಕೆ ಶುರು ಮಾಡಿ ಭಾನುವಾರ ಸಂಜೆ ಐದಕ್ಕೆ ಗಾಡಿ ಸ್ಟಾರ್ಟ್ ಮಾಡಿದೆ. ಡ್ಯಾಶ್‌ಬೋರ್ಡ್ ಪೂರ್ತಿ ಹೊರಗೆ ತೆಗೆಯಲಿಲ್ಲ. ಸ್ಟಿಯರಿಂಗ್ ಕಂಬ ಸಡಿಲ ಮಾಡಿ ಇಳಿಸಿ, ಡ್ಯಾಶ್‌ಬೋರ್ಡನ್ನು ಒಂದು ಗೇಣು ಹಿಂದಕ್ಕೆ ಎಳೆದು ಹಗ್ಗದಲ್ಲಿ ಸೀಟಿಗೆ ಕಟ್ಟಿ, ಆ ಸಂದಿಯಲ್ಲೇ ಹೀಟರ್ ಪೆಟ್ಟಿಗೆ ಇಳಿಸಿದೆ. ಕೈ ತರಚಿದ್ದು ಎಣಿಸಿಲ್ಲ. ಪೈಪ್ ಬ್ಲೇಡಲ್ಲೇ ಸೀಳಿದೆ, ಚಳಿಊರು ಸರ್‌ಗೆ ಒಂದು ನಮಸ್ಕಾರ.

ಹಳೇ ಕಾಯಿಲ್ ಅಂಗೈ ಎರಡು ಜೋಡಿಸಿದಷ್ಟು ದೊಡ್ಡದು. ಕೊಳವೆಗಳು ತುದಿಯ ತೊಟ್ಟಿಗೆ ಸೇರುವ ಜಾಗದಲ್ಲಿ ಹಸಿರು ಬಿಳಿ ಉಪ್ಪು ಕಟ್ಟಿತ್ತು, ಉಗುರಲ್ಲಿ ಕೆರೆದರೆ ಅಡಿಯಲ್ಲಿ ಸೂಜಿಮೊನೆಯಷ್ಟು ತೂತು. ಇಷ್ಟಕ್ಕೆ ಇಷ್ಟು ರಾಮಾಯಣ.

ಇನ್ನೊಂದು ಒದ್ದೆಯ ಕತೆ ಕೇಳಿ. ಬ್ಲೋವರ್ ಪೆಟ್ಟಿಗೆ ತೆಗೆದರೆ ಒಳಗೆ ಸಿಲ್ವರ್ ಓಕ್ ಎಲೆ, ಒಂದು ಬೊಗಸೆ. ತೋಟದಲ್ಲಿ ಮರದ ಕೆಳಗೇ ನಿಲ್ಲಿಸುವುದು ನಾವು. ಎಲೆ ಪುಡಿಯಾಗಿ ಕೂಲಿಂಗ್ ಕಾಯಿಲಿನ ಅಡಿ ಹೋಗಿ ಗೊಬ್ಬರದ ಹಾಗೆ ಕೊಳೆತು ಎಸಿ ನೀರಿನ ಪೈಪ್ ಕಟ್ಟಿತ್ತು. ಸೈಕಲ್ ಕಡ್ಡಿ ಹಾಕಿ ಚುಚ್ಚಿದೆ, ಒಂದು ಲೋಟ ಕಪ್ಪು ನೀರು ನನ್ನ ಅಂಗಿ ಮೇಲೆ.

ಮಳೆಬೆಕ್ಕು
ನೀರು ಅಂತ ನಾನು ಮೊದಲೇ ಹೇಳಿದ್ದೆ.

ಘಾಟಿಸವಾರ
ನೀವು ಹೇಳಿದ್ದು ಮಳೆನೀರು!

ಹತ್ತನಂಬರ್
ಕೂಲೆಂಟ್ ದಾರಿಯಲ್ಲಿ ಸಿಕ್ಕಿಕೊಂಡ ಗಾಳಿ ತೆಗೆದಿರಾ?

ತೋಟದಮನೆ
ಮೊದಲ ಸಲ ತೆಗೆಯಲಿಲ್ಲ ಸರ್. ಡ್ಯಾಶ್‌ಬೋರ್ಡ್ ಒಳಗೆ ಹೂಜಿಯಿಂದ ನೀರು ಬಗ್ಗಿಸಿದ ಹಾಗೆ ಗುಳುಗುಳು ಸದ್ದು, ಹೀಟರ್ ತಣ್ಣಗೆ. ಎದೆ ಧಸಕ್ಕೆಂದಿತು. ಪೂರ್ತಿ ತಣ್ಣಗಾದ ಮೇಲೆ ಅಂಗಳದ ಏರಿಗೆ ಮೂತಿ ಮೇಲೆ ಮಾಡಿ ನಿಲ್ಲಿಸಿ, ಮುಚ್ಚಳ ತೆಗೆದು, ಹೀಟರ್ ಫುಲ್ ಇಟ್ಟು ಸ್ಟಾರ್ಟ್ ಮಾಡಿದೆ. ರೇಡಿಯೇಟರ್ ಫ್ಯಾನ್ ಎರಡು ಸಲ ಆನ್ ಆಗಿ ನಿಲ್ಲುವಷ್ಟರಲ್ಲಿ ಗುಳ್ಳೆ ನಿಂತಿತು, ಅರ್ಧ ಲೀಟರ್ ಮತ್ತೆ ಹಿಡಿಯಿತು. ಗಾಜಿನ ಜಿಡ್ಡು ಹೋಗಲು ಮಾತ್ರ ಸೋಪುನೀರಲ್ಲಿ ಮೂರು ಸಲ ತೊಳೆದು ಪೇಪರಲ್ಲಿ ಉಜ್ಜಬೇಕಾಯಿತು.

ಇವತ್ತು ಧರ್ಮಸ್ಥಳಕ್ಕೆ ಹೋಗಿ ಬಂದ್ವಿ. ಘಾಟಿಯಲ್ಲಿ ಅದೇ ಮಂಜು, ಅದೇ ಮಳೆ. ಎಸಿ, ಹೀಟರ್ ಎರಡೂ ಹಾಕಿದೆ, ಎರಡು ನಿಮಿಷಕ್ಕೆ ಗಾಜು ತಿಳಿ. ಆಲೇಖಾನ್ ಹತ್ತಿರ ಬರುವಷ್ಟರಲ್ಲಿ ಅಮ್ಮ, "ಸೆಕೆ ಆಗ್ತಿದೆ, ಅದನ್ನ ಸ್ವಲ್ಪ ನಿಲ್ಲಿಸು" ಅಂದರು.

ನೀರ್‌ದೋಸೆ
ದೋಸೆ?

ತೋಟದಮನೆ
ಹತ್ತು.

ಹುಬ್ಬಳ್ಳಿಹುಡುಗ
ಹಳೇ ಕಾಯಿಲ್ ಏನ್ ಮಾಡಿದ್ರಿ? ತಾಮ್ರದ್ದಿದ್ರ ಗುಜರಿಯವ ಚಲೋ ರೇಟ್ ಕೊಡ್ತಾನ. ಬೆಸುಗೆ ಹಾಕಿಸಿ ಇಟ್ಕೋಬಹುದಿತ್ತು.

ತೋಟದಮನೆ
ಅಲ್ಯೂಮಿನಿಯಂ, ಬೆಸುಗೆ ಹಿಡಿಯಲ್ಲ ಅಂದರು. ತೊಳೆದು ಸೌದೆ ಕೊಟ್ಟಿಗೆ ಕಿಟಕಿ ಮೇಲೆ ಇಟ್ಟಿದ್ದೀನಿ, ನಾಯಿಗೆ ಎಟುಕದ ಹಾಗೆ.